ಪ್ರೈಮಸಣ್ಣ ಗವರ್ನರಾದ ದಿನ

ನ್ಯೂಪೋರ್ಟ್,
ಜೂನ್ ೨೮, ೧೭೬೩

ಜೂಬಾಳ ಅಪ್ಪನಿಗೆ, ಅವಳ ಅಮ್ಮ ಫಿಬಾ ಬರೆಯುವುದು.

ಹೇಗಿದ್ದೀಯ ಕ್ವಾಕೊ? ಕೆಮ್ಮು ಹೋಯಿತೇ? ಹಡಗಿನ ಮೇಲೆ ಗಾಳಿಗೆ ಎದೆ ಬಿಟ್ಟುಕೊಂಡು ಮಲಗಬೇಡವೆಂದರೆ ನೀನು ಕೇಳುವವನಲ್ಲ. ಜೂಬಾಳ ಮುಂದಿನ ಹಲ್ಲು ಬಿದ್ದಿದೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಬಿಂಕ ನೋಡು!

ಶನಿವಾರ ನಮ್ಮ ಕಪ್ಪುಜನರು ವರ್ಷಕ್ಕೊಮ್ಮೆ ತಮ್ಮೊಳಗೇ ಒಬ್ಬ ಗವರ್ನರನನ್ನು ಆರಿಸುವ ಚುನಾವಣೆ ಆಯಿತು. ನನ್ನ ಅಣ್ಣ ಪ್ರೈಮಸ್ ಈ ವರ್ಷದ ಗವರ್ನರ್! ಇನ್ನು ನಮ್ಮ ಜಗಳಗಳನ್ನೆಲ್ಲ ಬಿಡಿಸುವವನು ಅವನೇ. ಹೆಂಡತಿಯ ಎದುರು ಬಾಯಿ ಬಿಡಲಾರದವನು ಎಂದು ನೀನು ನಗುತ್ತೀಯ, ಗೊತ್ತು. ಅವನನ್ನು ನಿಲ್ಲಿಸಿದ್ದು ನಾನೇ. ಯಜಮಾನರ ಮಗಳು ಅಬಿಗೇಲ್ ಮದುವೆಯಾಗಿ ದೂರದ ದಕ್ಷಿಣದ ಚಾರ್ಲ್ಸ್‌ಟೌನಿಗೆ ಹೊರಟಿದ್ದಾಳೆ, ಜೂಬಾ ತನ್ನ ಜೊತೆ ಬರಲೇಬೇಕೆಂದು ಹಟ ಹಿಡಿದಿದ್ದಳು. ಅಲ್ಲಿಗೆ ಹೋದ ನಮ್ಮವರು ಯಾರು ತಿರುಗಿ ಬಂದಿದ್ದಾರೆ ಹೇಳು? ಗೆದ್ದವನ ಯಜಮಾನನ ಮನೆಯಲ್ಲೇ ಔತಣವಲ್ಲವೇ, ಅಲ್ಲಿ ಊರೆದುರು ಗವರ್ನರೇ ಬಾಯಿಬಿಟ್ಟು ಕೇಳಿದರೆ ಅಣ್ಣನಿಗೂ ನನಗೂ ಯಜಮಾನರಾದ ಇವರು ಇಲ್ಲವೆನ್ನಲಾರರು ಎಂಬುದು ನನ್ನ ಎಣಿಕೆ. ಅಣ್ಣ "ನಂಗ್ಯಾಕೆ ಮಾರಾಯ್ತಿ ಈ ಉಸಾಬರಿ?" ಎಂದ. "ಗೆದ್ದೋರ ಮೆರವಣಿಗೇಲಿ ಕುದುರೆ ಮೇಲೆ ಕೂತ್ಕೊಳ್ಳೋಕೂ ನೋವಾ? ಸುಮ್ನೆ ನಿಂತ್ಕೋ" ಎಂದೆ.

ವಾರವಿಡೀ ಬಾವಿಯ ಹತ್ತಿರ ಹೆಂಗಸರ ತಲೆ ತಿಂದೆ, ಅವರು ಹೋಗಿ ಗಂಡಂದಿರ ತಲೆ ತಿಂದರು. ಮರದ ಕೆಳಗೆ ಎಲ್ಲರೂ ತಮಗೆ ಬೇಕಾದವನ ಹಿಂದೆ ಸಾಲು ನಿಂತಾಗ ನಮ್ಮ ಸಾಲು ಬೇಲಿಯನ್ನೂ ದಾಟಿತ್ತು! ಆದರೆ ನನಗೆ ಅರ್ಥವೇ ಆಗದ್ದು ಯಜಮಾನರ ಸಂಭ್ರಮ. ತಮ್ಮ ಕುದುರೆ ಕೊಟ್ಟರು, ಕತ್ತಿ ಕೊಟ್ಟರು, ಜರಿಯ ಕೋಟನ್ನೂ ಕೊಟ್ಟರು. "ನೋಡ್ರಯ್ಯಾ, ನಮ್ಮ ಪ್ರೈಮಸ್!" ಎಂದು ಕಂಡಕಂಡವರಿಗೆಲ್ಲ ತೋರಿಸಿ ಕಣ್ಣೊರೆಸಿಕೊಂಡರು. ಆ ಕುದುರೆಯನ್ನು ಕೊಂಡ ಹಾಗೆಯೇ ಅಣ್ಣನನ್ನೂ ಕೊಂಡವರು ಇವರು. ಹಾಗಾದರೆ ಗೆದ್ದದ್ದು ಅಣ್ಣನೋ, ಅವರೋ? ಪಾತ್ರೆ ತೊಳೆಯುವಾಗಲೂ ಅದನ್ನೇ ಯೋಚಿಸುತ್ತೇನೆ. ನಿನಗೇನಾದರೂ ಹೊಳೆದರೆ ಹೇಳು.

ಊಟದ ನಡುವೆ ಅಣ್ಣ ಎದ್ದ. "ಒಡೆಯಾ, ನಂದೊಂದೇ ಬೇಡಿಕೆ. ನಮ್ಮ ಜೂಬಾ ಇಲ್ಲೇ ಇರ್ಲಿ" ಎಂದ. ಯಜಮಾನರು ಅತ್ತಿತ್ತ ನೋಡಿ, ಲೋಟ ಎತ್ತಿ, "ಗವರ್ನರ ಅಪ್ಪಣೆ ಮೀರೋಕಾಗುತ್ತಾ? ಮಗು ಎಲ್ಲಿಗೂ ಹೋಗಲ್ಲ!" ಎಂದರು. ಜನ ಹೋ ಎಂದು ಕೂಗಿದರು. ನಾನು ಅಡಿಗೆಮನೆಗೆ ಓಡಿ ಹೋಗಿ ಅತ್ತುಬಿಟ್ಟೆ. ನಮ್ಮ ಮಗಳು ಉಳಿದಳು ಕ್ವಾಕೊ!

ದೇವರು ನಿನ್ನ ಹಡಗನ್ನು ಕಾಯಲಿ. ಇದನ್ನು ನಿನಗೆ ಓದಿ ಹೇಳುವ ಪುಣ್ಯಾತ್ಮನಿಗೂ ಒಳ್ಳೆಯದಾಗಲಿ.

ನಿನ್ನ
ಫಿಬಾ

ತಾ.ಕ.: ಹೇಗೆ ಬರೆಯಲೆಂದು ತಿಳಿಯದೆ ಇಷ್ಟು ಹೊತ್ತು ತಳ್ಳಿದೆ. ಯಜಮಾನರು ಮಾತಿಗೆ ತಪ್ಪಲಿಲ್ಲ. ಆದರೆ ಅಬಿಗೇಲ್ ಅತ್ತೂ ಕರೆದೂ ಮಾಡಿದಳು, ಜೂಬಾಳ ಬದಲು ನನ್ನನ್ನು ಕಳಿಸುತ್ತಿದ್ದಾರೆ. ಗುರುವಾರ ಹಡಗು. ಅಣ್ಣನನ್ನು ಬೈಯಬೇಡ, ಅವನು ಊಟ ಬಿಟ್ಟು ಕೂತಿದ್ದಾನೆ. ಮಗಳನ್ನು ಅತ್ತಿಗೆ ನೋಡಿಕೊಳ್ಳುತ್ತಾಳೆ, ನೀನು ಬಂದ ಕೂಡಲೇ ಅವಳ ಹತ್ತಿರ ಹೋಗು. ಜೂಬಾಳಿಗೆ ಇನ್ನೂ ಹೇಳಿಲ್ಲ. ತಾನು ಅಮ್ಮನ ಹತ್ತಿರವೇ ಉಳಿದೆನೆಂದು ಬೀದಿಯವರಿಗೆಲ್ಲ ಹೇಳಿಕೊಂಡು ಕುಣಿಯುತ್ತಿದ್ದಾಳೆ.