ಓಣಿಯೊಲೆಯ ಉಪ್ಪುಗೈ

ಗದಗ, ಏಪ್ರಿಲ್ 31, 2187

ಈಗಷ್ಟೇ ಕೆಲಸಕ್ಕೆ ಸೇರಿರುವ ಹಿರಿಯರೇ,

ನಿಮಗೆ ಇಪ್ಪತ್ತೆರಡು ವರ್ಷವಿರಬಹುದು. ಆದರೂ ನನಗಿಂತ ನೂರನಲವತ್ತು ವರ್ಷ ಮೊದಲು ಹುಟ್ಟಿದವರನ್ನು ಹಿರಿಯರೆನ್ನದೆ ಏನೆನ್ನಲಿ? ತಾರೀಖು ನೋಡಿ ಗಾಬರಿಯಾಗಬೇಡಿ. ಏಪ್ರಿಲ್ಲಿಗೆ ಮೂವತ್ತೊಂದನೆಯ ದಿನ ನಮ್ಮ ಕಾಲದಲ್ಲಿ ಸಿಕ್ಕಿದೆ, ಯಾರದೋ ಹೋರಾಟದ ಫಲ. ಕೆಲವು ಪದಗಳು ನಿಮ್ಮ ನಿಘಂಟಿನಲ್ಲಿ ಸಿಗಲಾರವು, ಕ್ಷಮೆಯಿರಲಿ. ನನ್ನ ಪ್ರಾಸದ ಚಟವನ್ನೂ ಸಹಿಸಿಕೊಳ್ಳಿ. ಅದಕ್ಕೆ ಇಲ್ಲಿಯೂ ಔಷಧ ಬಂದಿಲ್ಲ.

ನನ್ನ ಮಗಳು ನಿಂಗವ್ವನಿಗೆ ಮೊದಲ ಕೆಲಸ ಸಿಕ್ಕಿತು. ನಿಂಗವ್ವ ಎಂಬುದು ಈಗ ಹೊಸ ಶೈಲಿಯ ಹೆಸರು. ಅಜ್ಜಿಯರ ಹೆಸರೆಂದರೆ ಶ್ರಾವ್ಯಾ, ಅನನ್ಯಾ. ಅವಳು ನಮ್ಮ ಓಣಿಯೊಲೆಯ ಉಪ್ಪುಗೈ. ಓಣಿಯೊಲೆ ಎಂದರೆ ನಲವತ್ತು ಮನೆಗೆ ಒಂದೇ ಅಡಿಗೆಮನೆ. ಅಲ್ಲಿ ಬೆಂಕಿಗ ಎಂಬ ಯಂತ್ರ ಹೆಚ್ಚುತ್ತದೆ, ಬೇಯಿಸುತ್ತದೆ, ಒಗ್ಗರಣೆಯನ್ನೂ ಹಾಕುತ್ತದೆ. ಉಪ್ಪೊಂದು ಬಾರದು. ಅದು ಕಲಿತದ್ದು ನಿಮ್ಮ ಕಾಲದ ಅಡಿಗೆ ಪುಸ್ತಕಗಳಿಂದ. ಅವುಗಳಲ್ಲಿ ‘ಉಪ್ಪು ರುಚಿಗೆ ತಕ್ಕಷ್ಟು’ ಎಂದಷ್ಟೇ ಇತ್ತು. ಯಾರ ರುಚಿಗೆ ಎಂದು ಬರೆದವರಿಲ್ಲ. ಹೀಗಾಗಿ,

ಬೆಂಕಿಗನಿಗೆ ಬಾರದ್ದಿಲ್ಲ ಒಂದೂ ಅಡಿಗೆ,
ಉಪ್ಪಿನ ಮಾತು ಬಂದರೆ ಬೀಳುವುದು ಕಾಲಡಿಗೆ.

ಉಪ್ಪು ಹಾಕಲು ಮನುಷ್ಯರೇ ಬೇಕು; ಅವರೇ ಉಪ್ಪುಗೈ. ಈ ಕೆಲಸದಿಂದ ಅವಳಲ್ಲಾದ ಸಣ್ಣಪುಟ್ಟ ಬದಲಾವಣೆಗಳನ್ನು ನಾನು ಕುತೂಹಲದಿಂದ ನೋಡುತ್ತಿದ್ದೇನೆ. ನಾಲಗೆ ಚುರುಕಾಗಿರಲೆಂದು ಮಿರ್ಚಿ ಭಜಿ ಬಿಟ್ಟಳು. ಗದುಗಿನಲ್ಲಿ ಇದು ಸಂನ್ಯಾಸಕ್ಕೆ ಸಮ. ಯಾರ ಮನೆಯಲ್ಲಿ ರಕ್ತದೊತ್ತಡ, ಯಾರ ಮನೆಗೆ ಬೀಗರು ಬಂದಿದ್ದಾರೆ, ಎಲ್ಲವೂ ಬಾಯಿಪಾಠ. ಮೊದಲು ನನ್ನ ಮಾತಿಗೆ ತಲೆಯೆತ್ತದವಳು ಈಗ ನಾನು ತಟ್ಟೆಯಲ್ಲಿ ಉಳಿಸಿದ್ದನ್ನು ನೋಡಿ ಆರೋಗ್ಯ ವಿಚಾರಿಸುತ್ತಾಳೆ.

ಅವಳ ಮೂರು ತಿಂಗಳ ಪರೀಕ್ಷೆ ಯುಗಾದಿಯಂದು ಮುಗಿಯುವುದಿತ್ತು. ಅಂದಿನ ಊಟ ನೋಡಿ ಓಣಿಯ ಹಿರಿಯರು ಕಾಯಂ ಮಾಡಬೇಕು; ಇಲ್ಲವಾದರೆ ಕೆಲಸ ಹೋದಂತೆ. ಹಬ್ಬದಲ್ಲೊಂದು ತೊಡಕಿದೆ: ನೈವೇದ್ಯಕ್ಕೆ ಮುಂಚೆ ರುಚಿ ನೋಡುವಂತಿಲ್ಲ. ಏನೆಲ್ಲ ಬದಲಾಯಿತು, ಇದು ಬದಲಾಗಲಿಲ್ಲ. ನಿಂಗವ್ವ ವಾಸನೆ ಹಿಡಿದು, ಅಂದಾಜು ಮಾಡಿ, ಕಟ್ಟಿನ ಸಾರಿಗೆ ಉಪ್ಪು ಹಾಕಿ ಬಾಳೆಯೆಲೆ ತರಲು ಹೋದಳು. ಒಲೆಯ ಬಳಿ ಕುಳಿತಿದ್ದವರು ಅವಳಿಗೆ ಕೆಲಸ ಕಲಿಸಿದ ಶ್ರಾವ್ಯಾ ಆಯಿ. ಮೂವತ್ತೊಂದು ವರ್ಷ ಉಪ್ಪುಗೈಯಾಗಿದ್ದು ಆ ವಾರವಷ್ಟೇ ನಿವೃತ್ತರಾಗಿದ್ದರು.

ನೈವೇದ್ಯವಾಯಿತು. ಊಟಕ್ಕೆ ಕೂತ ನಲವತ್ತು ಮನೆಯವರೂ ಮೊದಲ ತುತ್ತಿಗೇ ನೀರು ಕೇಳಿದರು. ನಿಂಗವ್ವ ಓಡಿಹೋಗಿ ಭರಣಿ ನೋಡಿದಳು: ಉಪ್ಪಿನಲ್ಲಿ ಕೈ ಹಾಕಿ ತೆಗೆದ ಎರಡು ಕುಣಿ, ಒಂದು ಅವಳ ಹಿಡಿಯದು, ಇನ್ನೊಂದು ಸಣ್ಣದು. ಎಲ್ಲವೂ ತಿಳಿಯಿತು. ಮರೆವು ಬಂದಿದೆ ಎಂದಾದರೆ, ಓಣಿಯ ನಿಯಮದಂತೆ, ಆಯಿ ಓಣಿಯೊಲೆಯ ಹೊಸ್ತಿಲು ತುಳಿಯುವಂತಿಲ್ಲ. ಮಗಳು ಹಿರಿಯರ ಮುಂದೆ ನಿಂತು, ತಪ್ಪು ತನ್ನದೇ ಎಂದಳು.

ಹಿರಿಯರು ಬೇರೆ ಹುಡುಗಿಯ ಹೆಸರು ಯೋಚಿಸುತ್ತಿರುವಾಗ ಆಯಿ ಎದ್ದರು.

“ಆ ಸಣ್ಣ ಕುಣಿ ನಂದು. ಕೈ ತಾನಾ ಹೋತು, ನನ್ನನ್ನ ಕೇಳಲಿಲ್ಲ.”

ಹಾಗಾದರೆ ಸುಳ್ಳೇಕೆ ಹೇಳಿದೆ ಎಂದು ಹಿರಿಯರು ನಿಂಗವ್ವನನ್ನು ಗದರಿಸಿದರು.

“ಸಾರು ಉಪ್ಪಾದ್ರ ನೀರು ಹಾಕಬಹುದ್ರಿ,” ಎಂದಳು. “ಆಯಿ ಒಲಿ ಬಿಟ್ಟು ಮನ್ಯಾಗ ಕುಂತ್ರ, ಅದಕ್ಕ ಏನ್ ಹಾಕೂದು?”

ಆಗ ಬೆಂಕಿಗ, ಇನ್ನು ಮುಂದೆ ಉಪ್ಪಿನ ಅಳತೆಯನ್ನು ತಾನೇ ಬರೆದಿಟ್ಟುಕೊಳ್ಳಲೇ ಎಂದು ವಿನಯದಿಂದ ಕೇಳಿತು. ನಲವತ್ತು ಮನೆಯವರೂ ಒಟ್ಟಿಗೆ ಬೇಡವೆಂದರು. ನಮ್ಮ ಓಣಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ನಿಂಗವ್ವ ಕಾಯಂ ಆದಳು. ಹೊಸ್ತಿಲಿನ ನಿಯಮವನ್ನು ಹಿರಿಯರೇ ಮರೆತರು; ಆಯಿ ದಿನವೂ ಬರುತ್ತಾರೆ. ಭರಣಿಯ ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಇವಳು ಉಪ್ಪು ಹಾಕಿದ ಕೂಡಲೇ ತಾವೇ ಮುಚ್ಚುತ್ತಾರೆ.

ನನ್ನದೊಂದು ಕೋರಿಕೆ. ನಿಮ್ಮ ಮೊದಲ ಕೆಲಸದಲ್ಲಿಯೂ ಯಾರೋ ಹಿರಿಯರು ಪಕ್ಕದಲ್ಲಿ ಕೂತಿರಬೇಕು. ಅವರು ಏನು ಕಲಿಸಿದರು, ಅವರ ಯಾವ ತಪ್ಪನ್ನು ನೀವು ಮೈಮೇಲೆ ಹಾಕಿಕೊಂಡಿರಿ ಎಂದು ತಿಳಿಯುವ ಆಸೆ. ಬರೆದು ಎಲ್ಲಾದರೂ ಇಡಿ. ಅವಸರವಿಲ್ಲ; ನಾನು ಹುಟ್ಟುವುದಕ್ಕೇ ಇನ್ನೂ ನೂರು ವರ್ಷದ ಮೇಲಿದೆ.

ನಿಂಗವ್ವನ ಅಪ್ಪ,
ವೀರಭದ್ರ