ನೀಲಿ ಚೀಟಿಯ ಮೇಲೆ ಅಪ್ಪನ ಸಹಿ

ಕಂಪ್ಲಿ
9-11-2025, ಭಾನುವಾರ

ಚೋರನೂರಿನ ಪಡಸಾಲೆಯಲ್ಲಿ ಕೂಡಿರುವ ಸಮಸ್ತ ಸಭಿಕರೇ, ಮಕ್ಕಳೇ, ಮೊಮ್ಮಕ್ಕಳೇ, ಕಟ್ಟೆಯ ಮೇಲಿನ ನೆರೆಹೊರೆಯವರೇ, ಗದ್ದಲ ನಿಲ್ಲಿಸಿ ಕೇಳಿರಿ. ನಿಮ್ಮ ಎರ್ರೆಮ್ಮಜ್ಜಿಯ ಒಡಹುಟ್ಟಿದ ತಮ್ಮ, ಕಂಪ್ಲಿಯ ಜಂಬಯ್ಯ, ಅರವತ್ತೆರಡು ವರ್ಷ ನುಂಗಿಕೊಂಡ ಮಾತನ್ನು ಇಂದು ರಂಗಕ್ಕೆ ತರುತ್ತಿದ್ದಾನೆ. ಮೊಮ್ಮಗಳೇ ಸುಷ್ಮಿತಾ, ನಿನ್ನ ಮೊಬೈಲಿಗೆ ಕಳಿಸಿದ ಈ ಫೋಟೋದಲ್ಲಿ ಅಕ್ಷರ ಸಣ್ಣದಾದರೆ ದೊಡ್ಡದು ಮಾಡಿಕೋ. ಅಜ್ಜಿಯ ಎಡಗಿವಿ ಮಂದ, ಬಲಕ್ಕೆ ಕೂತು ಓದು.

ಪ್ರೀತಿಯ ಎರ್ರೆಮ್ಮಕ್ಕಾ, ಸಾಷ್ಟಾಂಗ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳುತ್ತೀಯೋ, ಮೊದಲಿನಂತೆ ಹಟವೋ? ನನ್ನಲ್ಲಿ ದನಿಯೊಂದು ಬಿಟ್ಟು ಉಳಿದದ್ದೆಲ್ಲ ಸೋತಿದೆ. ಇಲ್ಲಿ ಭತ್ತ ಕೊಯ್ಲಿಗೆ ಬಂದಿದೆ. ಇನ್ನು ಸುದ್ದಿ.

ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ಅವರಿಗಾಗಿ ಮೊದಲಿಂದ ಹೇಳುತ್ತೇನೆ. ನಮ್ಮಪ್ಪ ಹೊನ್ನೂರುಸ್ವಾಮಿ ನಾಟಕ ಕಂಪನಿಯ ರಾಜಪಾರ್ಟು. ಕಿರೀಟ ಇಟ್ಟರೆ ರಾಜ, ಇಳಿಸಿದರೆ ಇಸ್ಪೀಟಿನ ದಾಸ. ಅವ್ವನ ಮೂಗುತಿಯೂ ಆಟಕ್ಕೆ ಹೋದ ವರ್ಷ ಹುಲಿಗೆಮ್ಮನ ಗುಡಿಯಲ್ಲಿ ಆಣೆ ಮಾಡಿದರು. ಡ್ಯಾಮಿನ ಎಂಜಿನಿಯರೊಬ್ಬರ ಅಡಿಗೆಯವನಿಂದ ತಂದ, ಬಿಚ್ಚದ ಅಮೆರಿಕದ ಇಸ್ಪೀಟು ಕಟ್ಟೊಂದು ಆಗ ಮನೆಯಲ್ಲಿತ್ತು. ಅದರ ಬಾಯಿಗೆ ಅಡ್ಡವಾಗಿ ಆ ದೇಶದ ಸರಕಾರದ ಸುಂಕದ ನೀಲಿ ಚೀಟಿ. ಚೀಟಿ ಹರಿಯದೆ ಕಟ್ಟು ತೆರೆಯುವಂತಿಲ್ಲ. ಅಪ್ಪ ನಮ್ಮ ರೆವಿನ್ಯೂ ಸ್ಟ್ಯಾಂಪಿಗೆ ಹಾಕುವ ಹಾಗೆ ಅರ್ಧ ಚೀಟಿಯ ಮೇಲೆ, ಅರ್ಧ ಡಬ್ಬಿಯ ಮೇಲೆ ದಪ್ಪ ಮಸಿಯಲ್ಲಿ ಸಹಿ ಎಳೆದು 12-3-1959 ಎಂದು ತಾರೀಖು ಹಾಕಿದರು. ‘ಈ ಚೀಟಿ ಹಿಂಗ ಇರೋತನ ನಾ ಎಲಿ ಮುಟ್ಟಿಲ್ಲ ಅಂತ ತಿಳಿ, ಭರಮಿ’ ಎಂದರು ಅವ್ವನಿಗೆ. ಅವ್ವ ಕಟ್ಟನ್ನು ದೇವರ ಜಗಲಿಗೆ ಏರಿಸಿ ಮಂಗಳವಾರಕ್ಕೊಮ್ಮೆ ಕುಂಕುಮ ಹಚ್ಚಿದಳು.

ಅರವತ್ತಮೂರರಲ್ಲಿ ಹಂಪಿ ಬಜಾರಿನಲ್ಲಿ ನಮ್ಮ ಕಂಪನಿಯ ನಾಟಕವಿತ್ತು. ನೀನು ಹದಿನೈದರವಳು, ಬುತ್ತಿ ಒಯ್ದೆ. ಸಾಲುಮಂಟಪದಲ್ಲಿ ಅಪ್ಪ ಇಸ್ಪೀಟಿನ ಎಲೆ ಹಾಕುತ್ತ ಕೂತದ್ದನ್ನು ಕಂಡು ಬಂದು ಅವ್ವನಿಗೆ ಹೇಳಿದೆ. ಅವ್ವ ಇಡೀ ಕಂಪನಿಯನ್ನು ಅಂಗಳಕ್ಕೆ ಕರೆಸಿ, ಕಟ್ಟನ್ನು ನಿನ್ನ ಕಣ್ಣ ಮುಂದೆ ಹಿಡಿದಳು: ‘ಚೀಟಿ ಹರಿದಿಲ್ಲ, ಸಹಿ ಕದಲಿಲ್ಲ. ಹರಿದಿದ್ದು ನಿನ್ನ ನಾಲಿಗಿ. ಆಡಿದ ಮಾತು ಹಿಂದಕ್ಕ ತಗಂಡ್ರ ಒಳಗ ಬಾ.’ ನೀನು ತೆಗೆದುಕೊಳ್ಳಲಿಲ್ಲ. ತಿಂಗಳೊಳಗೆ ನಿನ್ನನ್ನು ಚೋರನೂರಿಗೆ ಕೊಟ್ಟುಬಿಟ್ಟರು. ಅವ್ವನ ಮಣ್ಣಿಗೆ ಬಂದಾಗಲೂ ಹೊಸ್ತಿಲ ಹೊರಗೇ ನಿಂತು, ಹಾಗೇ ಬಸ್ಸು ಹತ್ತಿದೆ.

ಅಪ್ಪನ ನಂತರ ಆ ಕಟ್ಟು ನನ್ನ ಬಣ್ಣದ ಪೆಟ್ಟಿಗೆಗೆ ಬಂತು. ಮುಖಕ್ಕೆ ಬಣ್ಣ ಬಳಿಯುವಾಗ ಕನ್ನಡಿಯಲ್ಲಿ ಆ ಸಹಿ ತಿರುವುಮುರುವಾಗಿ ಕಾಣುತ್ತದೆ. ಎಷ್ಟೋ ಸಲ ಮೀಸೆ ಬರೆಯುವ ನನ್ನ ಕೈ ಅದೇ ಸಹಿಯ ಸುಳಿಯನ್ನು ಎಳೆದುಬಿಟ್ಟಿದೆ. ಬೆನ್ನ ಹಿಂದೆ ಯಾರೋ ಎಲೆ ಕಲೆಸುವ ಪರಪರ ಸಪ್ಪಳ. ತಿರುಗಿದರೆ ಖಾಲಿ ಗೋಡೆ. ಈಗೀಗ ಹಾಡುಹಗಲೇ, ಊಟಕ್ಕೆ ಕೂತಾಗಲೂ ಕೇಳುತ್ತದೆ ಅಕ್ಕಾ.

ತಾಳಲಾರದೆ ಮೊನ್ನೆ ಕಟ್ಟನ್ನು ಹೊಸಪೇಟೆಯ ರಾಯಣ್ಣನ ಬಳಿಗೆ ಒಯ್ದೆ. ಅಂಚೆ ಕೆಲಸದಿಂದ ನಿವೃತ್ತನಾದವನು, ದೇಶದೇಶದ ಚೀಟಿ ಕೂಡಿಸುವ ಹುಚ್ಚಿನವನು. ಭೂತಗನ್ನಡಿ ಹಿಡಿದು, ‘ಸಹಿ ಬಿಡ್ರಿ, ಸಹಿ ಕೆಳಗ ನೋಡ್ರಿ. ಚೀಟಿ ಇನ್ನೊಮ್ಮೆ ಬಳಸಬಾರ್ದಂತ ಎಲಿ ಮಾಡೋ ಕಂಪನಿಯವ್ರು ತಮ್ಮ ಹೆಸ್ರು, ವರ್ಷ ಅದರ ಮ್ಯಾಲೆ ಒತ್ತತಾರ’ ಎಂದ. ಬಗ್ಗಿ ನೋಡಿದೆ. ಅಪ್ಪನ ದಪ್ಪ ಮಸಿಯ ಅಡಿಯಲ್ಲಿ, ಇರುವೆ ಸಾಲಿನಂಥ ಕರಿ ಅಚ್ಚಿನಲ್ಲಿ, 1962. ‘ಜಂಬಣ್ಣ, ನಿಮ್ಮಪ್ಪಾರು ಭಾಳ ಶ್ಯಾಣ್ಯಾರು ಬಿಡ್ರಿ. ಕೂಸು ಹುಟ್ಟಾಕ ಮೂರು ವರ್ಷ ಮೊದ್ಲ ಹೆಸ್ರಿಟ್ಟಾರ’ ಎಂದು ರಾಯಣ್ಣ ನಕ್ಕ. ನನಗೆ ನಗು ಬರಲಿಲ್ಲ. ಆಣೆಯ ಕಟ್ಟು ಎಂದೋ ಹರಿದಿತ್ತು. ಅಂಥದೇ ಇನ್ನೊಂದನ್ನು ತಂದು, ಹಳೆಯ ತಾರೀಖು ಹಾಕಿ, ಅಪ್ಪ ಜಗಲಿಗೆ ಏರಿಸಿದ್ದರು. ನೀನು ಕಂಡದ್ದು ನಿಜ. ಅವ್ವ ಕುಂಕುಮ ಹಚ್ಚಿದ್ದು ಸುಳ್ಳಿಗೆ.

ಮಕ್ಕಳು ಮೊಮ್ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ನಿನ್ನ ಪಾದಕ್ಕೆ ನನ್ನ ಹಣೆ.

ನಿನ್ನ ತಮ್ಮ,
ಜಂಬಯ್ಯ

ತಾ.ಕ.: ಸುಷ್ಮಿತಾ, ಇದನ್ನೂ ದನಿ ತಗ್ಗಿಸದೆ ಓದು. ಅಕ್ಕಾ, ರಾಯಣ್ಣ ನನಗೆ ಹೊಸದೇನೂ ಹೇಳಲಿಲ್ಲ, ನನ್ನ ನೆಪವೊಂದನ್ನು ಕಿತ್ತುಕೊಂಡ ಅಷ್ಟೆ. ಆ ದಿನ ಮಂಟಪದಲ್ಲಿ ಅಪ್ಪನ ಮಗ್ಗುಲಿಗೆ ಕೂತು ಎಲೆ ಹೊಂದಿಸಿ ಕೊಡುತ್ತಿದ್ದವನು ನಾನು. ನೀನೂ ನನ್ನನ್ನು ನೋಡಿದ್ದೆ. ‘ನೀ ಕಂಡಿದ್ದು ಕನಸಲೇ, ಚೀಟಿ ನೋಡು, ಹಂಗ ಐತಿ’ ಎಂದರು ಅಪ್ಪ ಆಮೇಲೆ ನನಗೆ; ಆ ಚೀಟಿಯೇ ನನ್ನ ನೆಪವಾಯಿತು. ಅಂಗಳದಲ್ಲಿ ಅವ್ವ ಕೇಳಿದಾಗ ‘ಅಕ್ಕ ಸುಳ್ಳು ಹೇಳ್ತಾಳ’ ಎಂದೆ. ನೀನು ಒಮ್ಮೆ ನನ್ನತ್ತ ತಿರುಗಿದೆ. ಇವನೂ ಅಲ್ಲಿದ್ದ ಎನ್ನಲಿಲ್ಲ. ಎಲೆಯ ಸಪ್ಪಳಕ್ಕಿಂತ ಆ ನೋಟ ನನ್ನನ್ನು ಹೆಚ್ಚು ಕಾಡಿದೆ. ಸಭೆಯಲ್ಲಿ ಆಡಿದ್ದನ್ನು ಸಭೆಯಲ್ಲೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ, ಜನ ಕೂಡಿಸಿದ್ದು ಅದಕ್ಕೇ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಕಟ್ಟು ಹಿಡಿದು ಹೊರಡುತ್ತೇನೆ. ಚೀಟಿಯನ್ನು ನೀನೇ ನಿನ್ನ ಉಗುರಿನಿಂದ ಹರಿಯಬೇಕು. ನೀನು ಕರೆಯುವವರೆಗೆ ನಿನ್ನ ಹೊಸ್ತಿಲ ಹೊರಗೇ ನಿಂತಿರುತ್ತೇನೆ.