ಮೀಟರಿಗೆ ಬಿದ್ದ ಶಿಲಿಂಗ್

ಡಂಡೀ,
ಮಂಗಳವಾರ, 9 ಮಾರ್ಚ್ 1971

ಮುದ್ದಿನ ಐಲೀನ್,

ಹೇಗಿದ್ದೀಯ ಕಂದಾ? ಹೊಲಿಗೆಯ ಗಾಯ ಮಾಯಿತೇ? ಸೊಂಟಕ್ಕೆ ಬೆಚ್ಚಗೆ ಏನಾದರೂ ಸುತ್ತಿಕೊಂಡಿದ್ದೀಯ ತಾನೇ? ಪುಟ್ಟ ಹೇಜಲ್ ನಿನ್ನನ್ನು ಮಲಗಲು ಬಿಡುತ್ತಾಳೋ, ಇಲ್ಲ ನೀನು ನನಗೆ ಕೊಟ್ಟ ಕಾಟವನ್ನೆಲ್ಲ ಬಡ್ಡಿಸಮೇತ ನಿನಗೆ ಕೊಡುತ್ತಿದ್ದಾಳೋ? ಅಂಚೆಯವರ ಮುಷ್ಕರ ಮುಗಿದು ನಿನ್ನೆ ನಮ್ಮ ಮೆಟ್ಟಿಲ ಮೇಲೆ ಅಂಚೆಯವನ ಬೂಟಿನ ಸದ್ದು ಕೇಳಿದಾಗ ನನಗೆ ಅಳುವೇ ಬಂತು. ಕೆಳಗಿನ ಮನೆಯ ನೆಟ್ಟಾ ಆಂಟಿಯ ಫೋನಿನಲ್ಲಿ ನೀನು ಹೆತ್ತ ಸುದ್ದಿ ಕೇಳಿದ್ದೇ ಕೊನೆ. ನಿನ್ನ ಗಂಡ ಬೀದಿಯ ಫೋನ್ ಬೂತಿನಿಂದ ಮೂರು ಮಾತಾಡುವಷ್ಟರಲ್ಲಿ ಚಿಲ್ಲರೆ ಮುಗಿದು ಫೋನು ಕಟ್ಟಾಯಿತು. ಹೆಣ್ಣು ಅಂತ ಗೊತ್ತಾಯಿತು, ಹೆಸರು ಗೊತ್ತಾಯಿತು. ತಲೆಯಲ್ಲಿ ಕೂದಲಿದೆಯೋ ಇಲ್ಲವೋ ಇವತ್ತಿನವರೆಗೂ ನನಗೆ ತಿಳಿಯದು.

ಇಲ್ಲಿ ಈ ಹತ್ತರ ಲೆಕ್ಕದ ಹೊಸ ದುಡ್ಡು ಬಂದಾಗಿನಿಂದ ನಿಮ್ಮಪ್ಪನದು ಒಂದೇ ರಗಳೆ. "ಹನ್ನೆರಡು ಪೆನ್ನಿಗೆ ಒಂದು ಶಿಲಿಂಗು ಅಂತ ನಮ್ಮಜ್ಜನ ಅಜ್ಜನ ಕಾಲದಿಂದ ಬಂದಿದೆ. ಈ ಮಂತ್ರಿಗಳಿಗೆ ಬೆರಳು ಹತ್ತೇ ಇದ್ರೆ ಅದಕ್ಕೆ ನಾವೇನು ಮಾಡೋಣ?" ಎಂದು ಬೆಳಗಿನ ಗಂಜಿಯಿಂದ ಶುರುವಾದರೆ ರಾತ್ರಿ ಚಹಾದವರೆಗೂ ಮುಗಿಯುವುದಿಲ್ಲ. ಹೊಸ ನಾಣ್ಯ ಒಂದನ್ನೂ ಜೇಬಿಗೆ ಹಾಕಿಕೊಳ್ಳುವುದಿಲ್ಲ. "ಆಟದ ದುಡ್ಡು, ನೀನೇ ಇಟ್ಕೋ" ಅನ್ನುತ್ತಾರೆ. ಹಾಗಾಗಿ ಹೊಗೆಸೊಪ್ಪು ತರಲೂ ನಾನೇ ಹೋಗಬೇಕು. ಹಡಗುಕಟ್ಟೆಯಿಂದ ನಿವೃತ್ತನಾದ ಗಂಡಸನ್ನು ಮನೆಯಲ್ಲಿಟ್ಟುಕೊಳ್ಳುವ ಕಷ್ಟ ದೇವರಿಗೇ ಪ್ರೀತಿ.

ಈಗ ವಿಷಯಕ್ಕೆ ಬರುತ್ತೇನೆ. ನೀಲಿ ಟೀಪಾಟಿನಲ್ಲಿದ್ದ ಶಿಲಿಂಗ್ ನೆನಪಿದೆ ತಾನೇ, ಮುಸುಕು ಹೊದ್ದ ಮುದುಕಿ ರಾಣಿಯ ಮುಖದ್ದು? ನಿಮ್ಮಪ್ಪ ಹುಟ್ಟಿದಾಗ ಅವರ ಅಜ್ಜಿ ಅದನ್ನು ಅವರ ಅಂಗೈಯಲ್ಲಿಟ್ಟರು. ನೀನು ಹುಟ್ಟಿದಾಗ ಅವರಮ್ಮ ನಿನ್ನ ಕೈಯಲ್ಲಿಟ್ಟರು. ನೀನು ಎಷ್ಟು ಬಿಗಿಯಾಗಿ ಹಿಡಿದೆಯೆಂದರೆ, ಬಿಡಿಸಿಕೊಳ್ಳಲು ಇಬ್ಬರು ಬೇಕಾಯಿತು. "ಈ ಹುಡುಗಿ ಕೈಯಿಂದ ಕಾಸು ಜಾರಲ್ಲ" ಅಂದಿದ್ದರು ನಿನ್ನ ಅಜ್ಜಿ. ಮಗುವಿನ ಮುಖ ಮೊದಲ ಸಲ ನೋಡುವಾಗ ಬೆಳ್ಳಿ ಇಡಬೇಕು, ಅದೂ ಮನೆಯ ಹಿರಿಯರು ತಮ್ಮ ಕೈಯಾರೆ ಇಡಬೇಕು. ಹೇಜಲಳಿಗೆ ಅದನ್ನಿಡಬೇಕಾದವರು ನಿಮ್ಮಪ್ಪ. ಅವರೋ, ನೀನು ಕ್ಲೈವನ ಕೈಹಿಡಿದು ಹೊರಟ ದಿನ ಬಾಗಿಲಲ್ಲಿ ನಿಂತು ಏನು ಕೂಗಿದ್ದರೆಂದು ನಿನಗೆ ಗೊತ್ತೇ ಇದೆ. "ಗಡಿಯಾರ ಹಿಡ್ಕೊಂಡು ನಮ್ಮ ಬೆವರು ಅಳೆದೋನು ಅವನು. ಈ ಮನೆ ಬೆಳ್ಳಿ ಅವನ ಮಕ್ಕಳ ಕೈಗೆ ಹೋಗಲ್ಲ!" ಕಟ್ಟೆಯಲ್ಲಿ ಅವನು ಕೆಲಸದ ಹೊತ್ತು ಲೆಕ್ಕ ಹಾಕಿ ಕೊಟ್ಟ ಮೇಲೆ ಇವರ ತಂಡದ ಕೂಲಿ ಇಳಿದದ್ದು ನಿಜವೇ. ಆದರೆ ಅದಕ್ಕೆ ಹಸುಗೂಸು ಏನು ಮಾಡೀತು ಹೇಳು.

ನಾನು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಇನ್ನೂ ಬಿಗಿಯುವ ಪ್ರಾಣಿ ಅದು. ಶಿಲಿಂಗನ್ನು ತೆಗೆದು, ಉಜ್ಜಿ ಹೊಳಪು ಬರಿಸಿ, ಅವರ ಕಣ್ಣಿಗೆ ಬೀಳಲಿ ಎಂದು ಒಲೆಗೂಡಿನ ಮೇಲಿನ ಹಲಗೆಯಲ್ಲಿಟ್ಟೆ. ಹೊಸ ದುಡ್ಡು ಬರುವ ಹಿಂದಿನ ದಿನ, ಭಾನುವಾರ ಅದು. ಬ್ಯಾಂಕುಗಳೆಲ್ಲ ಮುಚ್ಚಿ ಬೀದಿಗೆ ಬೀದಿಯೇ ಚಿಲ್ಲರೆಗೆ ಒದ್ದಾಡುತ್ತಿತ್ತು. ನಾನು ನೆಟ್ಟಾಳ ಮನೆಗೆ ಹೋಗಿದ್ದಾಗ ಮೀಟರಿಗೆ ಹಾಕಿದ್ದ ಶಿಲಿಂಗಿನಷ್ಟು ಗ್ಯಾಸ್ ಮುಗಿದು, ಕೈಮಾ ಬೇಯುತ್ತಿದ್ದ ಒಲೆ ಆರಿತು. ಮೀಟರಿನ ಶಿಲಿಂಗನ್ನು ನಾನು ಯಾವಾಗಲೂ ಆ ಹಲಗೆಯ ಮೇಲೇ ಇಡುತ್ತೇನಲ್ಲ. ನಿಮ್ಮಪ್ಪ ಕನ್ನಡಕವೂ ಇಲ್ಲದೆ ತಡಕಾಡಿ, ಸಿಕ್ಕಿದ್ದನ್ನು ಗ್ಯಾಸ್ ಮೀಟರಿಗೆ ಹಾಕಿ ತಿರುಗಿಸಿಬಿಟ್ಟರು! ನಾನು ಬಂದು ನೋಡಿದರೆ ಕೈಮಾ ಕೊತಕೊತ ಕುದಿಯುತ್ತಿದೆ, ಹಲಗೆ ಬರಿದಾಗಿದೆ.

ಬೇಕೆಂದೇ ಹಾಕಿದರೆಂದು ನಾನು ತಿಳಿದೆ ಐಲೀನ್. ಏನೇನೋ ಅಂದೆ. ಅವರು ಕುರ್ಚಿಯಲ್ಲಿ ಕುಸಿದು, "ನಾನು ಅಷ್ಟೊಂದು ಕಟುಕನೇನೇ ಎಫಿ?" ಅಂದರು. ಅವರ ಮುಖ ನೋಡಿದ ಮೇಲೆ ನಾನೇ ಅವರ ಕನ್ನಡಕ ಹುಡುಕಿ ತಂದುಕೊಟ್ಟೆ. ಮೀಟರಿನ ಪೆಟ್ಟಿಗೆಗೆ ಬೀಗ, ಬೀಗದ ಕೈ ಗ್ಯಾಸಿನವನ ಹತ್ತಿರ, ಅವನು ಬರುವುದು ಮೂರು ತಿಂಗಳಿಗೊಮ್ಮೆ. ಮಾರನೆಯ ದಿನವೇ ನಿಮ್ಮಪ್ಪ ಗ್ಯಾಸ್ ಕಚೇರಿಗೆ ನಡೆದುಕೊಂಡು ಹೋದರು. ನಮ್ಮ ಬೀದಿಯ ಸರದಿ ಮಾರ್ಚಿನಲ್ಲಿ, ಯಾವ ದಿನವೆಂದು ಹೇಳಲಾಗದು ಎಂದು ಕಳಿಸಿದರಂತೆ.

ಅವತ್ತಿನಿಂದ ಈ ಮನುಷ್ಯ ಹೊಸ್ತಿಲು ದಾಟಿದ್ದರೆ ಕೇಳು. ಫುಟ್‌ಬಾಲ್ ಪಂದ್ಯಕ್ಕೆ ಹೋಗಲಿಲ್ಲ, ಗೆಳೆಯರ ಜೊತೆ ಬಿಯರಿಗೆ ಹೋಗಲಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತದ್ದೇ ಕೂತದ್ದು. ಏಕೆಂದು ನೆಟ್ಟಾ ಕೇಳಿದರೆ "ಮಂಡಿನೋವು" ಅಂತ. ಪೇಟೆಯ ಗಡಿಯಾರದ ಅಂಗಡಿಯವನು ಮುದುಕಿ ರಾಣಿಯ ಕಾಲದ ಬೆಳ್ಳಿಗೆ ದುಪ್ಪಟ್ಟು ಕೊಡುತ್ತೇನೆಂದು ಗಾಜಿಗೆ ಚೀಟಿ ಅಂಟಿಸಿದ್ದಾನೆ. ಗ್ಯಾಸಿನವರೇ ಹಳೆಯ ನಾಣ್ಯ ಆರಿಸಿ ಮಾರುತ್ತಾರೆಂದು ಯಾರೋ ಹೇಳಿದ್ದು ಇವರ ಕಿವಿಗೆ ಬಿದ್ದು, ನಿದ್ದೆಯೂ ಹೋಯಿತು.

ಕೊನೆಗೆ ಹೋದ ಶುಕ್ರವಾರ ಗ್ಯಾಸಿನವನು ಬಂದ, ವ್ಯಾಟಿ ರೆನ್ನಿ ಅಂತ, ಒಳ್ಳೆಯ ಹುಡುಗ. ಪೆಟ್ಟಿಗೆ ತೆಗೆದು ಅಡುಗೆಮನೆ ಮೇಜಿನ ಮೇಲೆ ನಾಣ್ಯವೆಲ್ಲ ಸುರಿದು, ಚಕಚಕನೆ ಇಪ್ಪತ್ತಿಪ್ಪತ್ತರ ಕಂಬ ಕಟ್ಟತೊಡಗಿದ. ನಿಮ್ಮಪ್ಪ ಕನ್ನಡಕ ಏರಿಸಿಕೊಂಡು ಒಂದೊಂದೇ ಕಂಬ ಕೆಡವಿದರು. "ಏನ್ ಸಾರ್, ನನ್ನ ಲೆಕ್ಕದ ಮೇಲೆ ನಂಬಿಕೆ ಇಲ್ವಾ?" ಎಂದ ಅವನು. "ಬಾಯ್ಮುಚ್ಕೊಂಡು ಇನ್ನೊಂದು ಸಲ ಕಟ್ಟಪ್ಪಾ, ಚಹಾ ಕೊಡಿಸ್ತೀನಿ" ಎಂದರು ಇವರು. ಎಲ್ಲ ಕೆಡವಿದರೂ ಸಿಗಲಿಲ್ಲ. ಇವರ ತುಟಿ ಅದುರುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅದನ್ನು ನಾನು ನೋಡಿದ್ದು ಅದೇ ಮೊದಲು. ವ್ಯಾಟಿಗೆ ಏನನ್ನಿಸಿತೋ, ಖಾಲಿ ಪೆಟ್ಟಿಗೆಯನ್ನು ಬೋರಲು ಮಾಡಿ ಮೇಜಿಗೆ ಎರಡೇಟು ಕುಟ್ಟಿದ. ಮೂಲೆಯಲ್ಲಿ ಕಚ್ಚಿಕೊಂಡಿದ್ದ ಒಂದು ನಾಣ್ಯ ಟಣ್ಣೆಂದು ಬಿತ್ತು. ಮುದುಕಿ ರಾಣಿ!

"ಅಯ್ಯೋ, ಇದು ಅಪ್ಪಟ ಬೆಳ್ಳಿ. ಪೇಟೇಲಿ ದುಪ್ಪಟ್ಟು ಸಿಗುತ್ತೆ" ಎಂದು ವ್ಯಾಟಿ ಕಣ್ಣರಳಿಸಿದ. ಆಮೇಲೆ ತಲೆ ಕೆರೆದುಕೊಂಡು, "ಪೆಟ್ಟಿಗೇಲಿ ಬಿದ್ದಿದ್ದು ಕಂಪನಿ ದುಡ್ಡು ಸಾರ್. ಆದ್ರೆ ಹಳೇ ಶಿಲಿಂಗಿಗೂ ಹೊಸ ಐದು ಪೆನ್ನಿಗೂ ಬೆಲೆ ಒಂದೇ. ಒಂದು ಐದು ಪೆನ್ನಿ ಇಡಿ, ಇದನ್ನ ತಗೊಳ್ಳಿ" ಎಂದ. ನಿಮ್ಮಪ್ಪ ಜೇಬು ತಡಕಿದರು. ಜೇಬಿನಲ್ಲಿ ಏನಿದೆ ಮಣ್ಣು! ನನ್ನ ಕಡೆ ತಿರುಗಿ, ಸ್ವರ ತಗ್ಗಿಸಿ, "ಲೇ ಎಫಿ, ನಿನ್ನ ಆ ಆಟದ ದುಡ್ಡು ಒಂದು ಕೊಡೇ" ಎಂದರು. ನಾನು ತಕ್ಷಣ ಕೊಡುತ್ತೇನೆಯೇ? "ರೀ, ಅದೂ ದುಡ್ಡೇ ಅಂತ ಒಪ್ಕೊಳ್ಳಿ, ಕೊಡ್ತೀನಿ" ಎಂದೆ. "ದುಡ್ಡೇ ಮಾರಾಯ್ತಿ, ದುಡ್ಡೇ!" ಎಂದರು. ಮೂರು ವಾರ ಬೈದ ಲೆಕ್ಕವೇ ಅವರ ಬೆಳ್ಳಿಯನ್ನು ಬಿಡಿಸಿಕೊಟ್ಟಿತು ನೋಡು. "ನಿಜವಾಗ್ಲೂ ಮಾರಲ್ವಾ ಸಾರ್? ಎಷ್ಟು ಬೆಲೆ ಬಾಳಬಹುದು ಇದು?" ಎಂದು ವ್ಯಾಟಿ ಹೋಗುವಾಗ ಕೇಳಿದ. "ಇದ್ರ ಬೆಲೆ ಕಟ್ಟೋಕೆ ಹೋದ್ರೆ ನಿನ್ನ ಗ್ಯಾಸ್ ಕಂಪನೀನೇ ಹರಾಜಾಗುತ್ತೆ" ಎಂದು ನಿಮ್ಮಪ್ಪ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ನೀನು ಹಿಡಿದ ಹಾಗೆಯೇ, ಅಷ್ಟೇ ಬಿಗಿಯಾಗಿ. ನನಗೆ ನಗು ಬಂತು, ಅಳುವೂ ಬಂತು.

ಅದು ಈಗ ಟೀಪಾಟಿನಲ್ಲಿಲ್ಲ, ಅವರ ಕೋಟಿನ ಒಳಜೇಬಿನಲ್ಲಿದೆ. ನಾನು ಏನೂ ಕೇಳಿಲ್ಲ. ಹೇಜಲಳಿಗೆ ಹೆಣೆಯುತ್ತಿರುವ ಉಣ್ಣೆಯ ಶಾಲು ಮುಗಿಯುತ್ತಾ ಬಂದಿದೆ. ನೆಟ್ಟಾ ನಿನ್ನನ್ನು ತುಂಬ ಕೇಳಿದಳು. ನೀನು, ನಿನ್ನ ಗಂಡ, ಮಗು ಸುಖವಾಗಿರಿ. ಹೊಟ್ಟೆ ತುಂಬ ಊಟ ಮಾಡು, ಎದೆಹಾಲು ಕುಡಿಸುವ ತಾಯಿ ಅರೆಹೊಟ್ಟೆಯಲ್ಲಿ ಇರಬಾರದು.

ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು.

ನಿನ್ನ ಅಮ್ಮ,
ಎಫಿ

ಮರೆತಿದ್ದೆ: ಲಕೋಟೆ ಅಂಟಿಸುವ ಹೊತ್ತಿಗೆ ನಿಮ್ಮಪ್ಪ ಸ್ಟೇಷನ್ನಿನಿಂದ ಬಂದರು. ಶುಕ್ರವಾರ ರಾತ್ರಿಯ ರೈಲಿಗೆ ನಮ್ಮಿಬ್ಬರಿಗೂ ಟಿಕೆಟ್ ತಂದಿದ್ದಾರೆ, ಹೊಸ ದುಡ್ಡು ಕೊಟ್ಟು! ಶನಿವಾರ ಬೆಳಿಗ್ಗೆ ಕೊವೆಂಟ್ರಿಯಲ್ಲಿ ನಿಮ್ಮ ಬಾಗಿಲಲ್ಲಿರುತ್ತೇವೆ. "ಅವಳಿಗೆ ಬರೀಬೇಡ, ಬಾಗಿಲು ಹಾಕ್ಕೊಂಡ್ರೆ?" ಎಂದು ಹೆದರಿಕೊಂಡಿದ್ದಾರೆ, ಪಾಪ. ಗೊತ್ತಿಲ್ಲದವಳ ಹಾಗೆ ಬಾಗಿಲು ತೆರೆ. ಕ್ಲೈವನಿಗೆ ಹೇಳು, ಅವತ್ತೊಂದು ದಿನ ಕೈಗಡಿಯಾರ ಬಿಚ್ಚಿಡಲಿ. ಎಷ್ಟೇ ಚಳಿಯಿದ್ದರೂ ಮಗುವಿನ ಕೈಗೆ ಗವಸು ಹಾಕಬೇಡ.